ಲಗ್ನಪತ್ರಿಕೆಯ ಓರೆ ಅಕ್ಷರ

ಪ್ರಶ್ನೆ: ಲಗ್ನಪತ್ರಿಕೆಯಲ್ಲಿ ಇಂಗ್ಲಿಷ್ ಹೆಸರು ಓರೆ ಅಕ್ಷರದಲ್ಲಿ ಚೆಂದ ಕಾಣುತ್ತದೆ. ಕನ್ನಡವನ್ನು ಓರೆ ಮಾಡಿದರೆ ಯಾಕೆ ಕೆಡುತ್ತದೆ?
– ಓದುಗರು, ಕಂಪ್ಲಿ

ಉತ್ತರ: ಇಂಗ್ಲಿಷಿನ ಇಟಾಲಿಕ್ ಬರೀ ವಾಲಿಸಿದ ಅಕ್ಷರವಲ್ಲ. ಇಟಲಿಯ ಬರಹಗಾರರು ಚಪ್ಪಟೆ ಮೂತಿಯ ಲೇಖನಿಯಲ್ಲಿ ಸರಸರ ಬರೆಯುತ್ತಿದ್ದ ಕೈಬರಹವೇ ಅಚ್ಚುಮೊಳೆಯಾಯಿತು. ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್‌ಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಅದನ್ನು ಕೊರೆದ. 1501ರಲ್ಲಿ ಇಡೀ ಪುಸ್ತಕವೇ ಅದರಲ್ಲಿ ಬಂತು. ಅಲ್ಲಿ ‘ಎ’ ಅಕ್ಷರದ ರೂಪವೇ ಬೇರೆ. ಗೆರೆಯ ತುದಿ ಮುಂದಿನ ಅಕ್ಷರದತ್ತ ಕೈಚಾಚುತ್ತದೆ. ಆಮಂತ್ರಣ, ಪ್ರಮಾಣಪತ್ರಕ್ಕೆ ಬಲು ಒಪ್ಪುತ್ತದೆ, ಪುಟಗಟ್ಟಲೆ ಓದಿದರೆ ಕಣ್ಣು ದಣಿಯುತ್ತದೆ.

ಕನ್ನಡವನ್ನಾದರೋ ಕಂಪ್ಯೂಟರ್ ಸುಮ್ಮನೆ ವಾಲಿಸುತ್ತದೆ. ‘ಅಣ್ಣಪ್ಪ’ ಎಂದು ಬರೆದು ನೋಡಿ: ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಒತ್ತಕ್ಷರ ಎಡಕ್ಕೆ ಜಾರುತ್ತದೆ, ದುಂಡು ಸೊಟ್ಟಗಾಗುತ್ತದೆ. ನಮ್ಮ ಅಕ್ಷರಕ್ಕೆ ಬಳುಕು ಮೊದಲೇ ಇದೆ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ (1509-10) ಶಾಸನವಿದೆ, ಹೆಚ್ಚುಕಡಿಮೆ ಇಟಾಲಿಕ್‌ನಷ್ಟೇ ವಯಸ್ಸಿನದು. ಅದರ ಮುಂದೆ ಒಂದು ಗಳಿಗೆ ನಿಲ್ಲಿ. ಕನ್ನಡ ಅಲ್ಲಿ ನೆಟ್ಟಗೆ ನಿಂತೇ ಬಳುಕುತ್ತದೆ.

ಹೊಸಪೇಟೆಯಲ್ಲಿ ಪತ್ರಿಕೆ ಅಚ್ಚು ಹಾಕಿಸುವಾಗ ಕನ್ನಡದ ಹೆಸರನ್ನು ನೆಟ್ಟಗೇ ಬಿಡಿಸಿ, ಬೇಕಿದ್ದರೆ ದಪ್ಪ ಮಾಡಿಸಿ. ಅದಕ್ಕಿಂತ ಒಳ್ಳೆಯದು, ಬೋರ್ಡು ಬರೆಯುವ ಪೇಂಟರ್ ಕೈಯಲ್ಲಿ ಹೆಸರು ಬರೆಸಿ ಸ್ಕ್ಯಾನ್ ಮಾಡಿಸುವುದು.