ಆನೆಕಾಲಿನ ಹುಳುವೂ ಪ್ರಯೋಗಶಾಲೆಯೂ
ಮಹಾಲಿನಂತಹ ಹಳೆಯ ಬಡಾವಣೆಗಳುಳ್ಳ ನಾಗಪುರಕ್ಕೆ ಆನೆಕಾಲು ರೋಗವು ಹೊಸದಲ್ಲ. ಕ್ಯೂಲೆಕ್ಸ್ ಸೊಳ್ಳೆಯು ಹರಡುವ ಇದರ ಹುಳುವಿಗೆ ವುಚೆರೇರಿಯಾ ಎಂದು ಹೆಸರು.

ಔಷಧವನ್ನು ಪರೀಕ್ಷಿಸಲು ಮೊದಲು ಹುಳುವನ್ನು ಸಾಕಬೇಕು. ಆದರೆ ಮಾನವದೇಹವನ್ನೇ ನೆಚ್ಚಿದ ವುಚೆರೇರಿಯಾ ಇಲಿಗಳಲ್ಲಿ ನೆಲೆಗೊಳ್ಳದು. ಆದುದರಿಂದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಅದರ ದಾಯಾದಿಯಾದ ಬ್ರುಗಿಯಾ ಮಲಾಯಿ ಹುಳುವನ್ನು ಈಡಿಸ್ ಸೊಳ್ಳೆ ಹಾಗೂ ಮ್ಯಾಸ್ಟೋಮಿಸ್ ಇಲಿಗಳಲ್ಲಿ ಬೆಳೆಸಿ ಔಷಧಗಳನ್ನು ಪರೀಕ್ಷಿಸಲಾಗಿದೆ. ರಕ್ತದಲ್ಲಿನ ಮರಿಹುಳುಗಳು ಬೇಗ ನಾಶವಾಗುತ್ತವೆ. ವರ್ಷಗಟ್ಟಲೆ ಬಾಳುವ ತಾಯಿಹುಳುವನ್ನು ಕೊಲ್ಲುವುದೇ ಕಠಿಣ.

ಈ ಕಾರಣದಿಂದಲೇ ಸಾಮೂಹಿಕ ಔಷಧ ಸೇವನೆಯು ಒಮ್ಮೆಗೇ ಮುಗಿಯುವುದಿಲ್ಲ. 2019ರಲ್ಲಿ ನಾಗಪುರ ಜಿಲ್ಲೆಯಲ್ಲಿ ಐವರ್‌ಮೆಕ್ಟಿನ್, ಡಿ.ಇ.ಸಿ., ಆಲ್‌ಬೆಂಡಜೋಲ್‌ಗಳನ್ನು ಒಟ್ಟಿಗೆ ನೀಡುವ ಕಾರ್ಯಕ್ರಮವು ಆರಂಭವಾಯಿತು. ವೈದ್ಯರು ಬೇಡವೆಂದವರನ್ನುಳಿದು ಎಲ್ಲರೂ ಸೇವಿಸತಕ್ಕದ್ದು. ರೋಗಲಕ್ಷಣವಿಲ್ಲವೆಂದು ಗುಳಿಗೆಯನ್ನು ಕಪಾಟಿನಲ್ಲಿಟ್ಟರೆ, ನಮ್ಮ ರಕ್ತದ ಮರಿಹುಳು ಸೊಳ್ಳೆಯೊಡನೆ ನೆರೆಮನೆಯನ್ನು ಸೇರೀತು.