ಉದ್ಯಾನದ ನೆಲ, ಉದ್ಯಾನದ ಹಣ

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ನಕ್ಷೆಯಲ್ಲಿ ಕಾದಿರಿಸಿದ್ದ ನಿವೇಶನವನ್ನು ಖಾಸಗಿ ಶುಶ್ರೂಷಾಲಯಕ್ಕೆ ಹಂಚಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯನ್ನು ತಿರಸ್ಕರಿಸಿ, ಉದ್ಯಾನದ ನೆಲ ಪೌರರದೆಂಬುದನ್ನು ಎತ್ತಿಹಿಡಿಯಿತು. ಬಡಾವಣೆಯ ಶೇಕಡ 15ಕ್ಕೆ ಕಡಿಮೆಯಿಲ್ಲದಷ್ಟು ನೆಲವನ್ನು ಉದ್ಯಾನ ಹಾಗೂ ಆಟದ ಬಯಲುಗಳಿಗೆ ಮೀಸಲಿಡಬೇಕೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯೇ ವಿಧಿಸುತ್ತದೆ.

ನೆಲ ಉಳಿದ ಮಾತ್ರಕ್ಕೆ ಹಸುರು ಉಳಿಯದು. ಬೇಲಿ, ಕಮಾನು, ನಡೆದಾಡುವ ಹಾದಿ, ಇವೆಲ್ಲ ಒಂದು ವರ್ಷದ ಕಾಮಗಾರಿಯಾಗಿ ಟೆಂಡರಿನಲ್ಲಿ ಸುಲಭವಾಗಿ ಅಡಕವಾಗುತ್ತವೆ. ಆದರೆ ಮಾಲಿಯ ಸಂಬಳ, ಕೊಳವೆಬಾವಿಯ ವಿದ್ಯುತ್ ಬಿಲ್ಲು, ಮುರಿದ ಜಾರುಬಂಡೆಯ ದುರಸ್ತಿ, ಇವು ವರ್ಷವರ್ಷವೂ ಬೇಡುವ ವೆಚ್ಚಗಳಾದ್ದರಿಂದ, ಹಣ ಸಾಲದಾದಾಗ ಕತ್ತರಿ ಬೀಳುವುದು ಇವುಗಳಿಗೇ. ಹೊಂಗೆಯ ಬುಡದವರೆಗೂ ಸಿಮೆಂಟು ಹಾಸಿ, ಬೇರಿಗೆ ಮಳೆನೀರು ಇಳಿಯದಂತೆ ಮಾಡಿ, ಅದನ್ನೇ ಅಭಿವೃದ್ಧಿಯೆಂದು ಕರೆಯುವುದು ಎಷ್ಟು ಖೇದಕರ!

ಆದಕಾರಣ, ಅಂದಾಜುಪಟ್ಟಿಯನ್ನು ಬರೆಯುವ ಮುನ್ನವೇ, ಬೆಳಗ್ಗೆ ನಡೆಯಲು ಬರುವ ಹಿರಿಯರನ್ನೂ ಸಂಜೆ ಮಕ್ಕಳನ್ನು ಕರೆತರುವ ತಾಯಂದಿರನ್ನೂ ಅಧಿಕಾರಿಗಳು ಕೇಳಬೇಕು. ಐದು ವರ್ಷದ ನಿರ್ವಹಣೆಯ ಹಣವನ್ನು ಕಾಮಗಾರಿಯ ಮೊತ್ತದೊಡನೆಯೇ ಮಂಜೂರು ಮಾಡಿ, ಬೇರೆ ಬಾಬ್ತಿಗೆ ತಿರುಗಿಸಲಾಗದಂತೆ ಪ್ರತ್ಯೇಕ ಖಾತೆಯಲ್ಲಿಡತಕ್ಕದ್ದು.