ಬೈಸಿಕಲ್ಲಿನಲ್ಲಿ ಘಟ್ಟವಿಳಿಯುವ ಮುನ್ನ

ಎತ್ತಿನ ಗಾಡಿಯಿಂದ ಮೊದಲುಗೊಂಡು ವಿಮಾನದವರೆಗೆ ಮನುಷ್ಯನು ನಿರ್ಮಿಸಿಕೊಂಡಿರುವ ವಾಹನಗಳು ಬಹುಮಟ್ಟಿಗೆ ತಾವು ಹೊರುವ ಮನುಷ್ಯನಿಗಿಂತ ಎಷ್ಟೋ ಪಾಲು ಭಾರವಾದವು. ಬೈಸಿಕಲ್ಲು ಇದಕ್ಕೆ ಅಪವಾದ. ತನ್ನ ನಾಲ್ಕು ಪಾಲು ತೂಗುವ ಸವಾರನನ್ನು ಅದು ಲೀಲಾಜಾಲವಾಗಿ ಹೊತ್ತೊಯ್ಯುತ್ತದೆ. ಆ ಸವಾರನಾದರೋ ತಾನು ನಡೆಯುವಾಗ ವ್ಯಯಮಾಡುವಷ್ಟೇ ಶ್ರಮದಿಂದ ಮೂರು ನಾಲ್ಕರಷ್ಟು ದೂರ ಕ್ರಮಿಸುತ್ತಾನೆ. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲುಗಳನ್ನೇರಿ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು ಸುಮಾರು 71,000 ಕಿಲೋಮೀಟರುಗಳನ್ನು ಸುತ್ತಿ 1928ರಲ್ಲಿ ಊರಿಗೆ ಮರಳಿದರು. ಅವರಿಗಿದ್ದ ಯಂತ್ರವು ನಮ್ಮ ಮನೆಗಳ ಜಗಲಿಯ ಮೇಲೆ ಧೂಳು ಹಿಡಿದು ನಿಂತಿರುವ ಬೈಸಿಕಲ್ಲಿಗಿಂತ ಉತ್ತಮವಾದುದೇನೂ ಅಲ್ಲ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ ನೀಡಲಾರಂಭಿಸಿದ ಮೇಲಂತೂ ಹಳ್ಳಿಹಳ್ಳಿಯಲ್ಲಿ ಅಂಥವು ಸೇರಿಕೊಂಡವು.

ರಜೆ ಸಮೀಪಿಸಿದಾಗ ಪ್ರವಾಸದ ಆಲೋಚನೆಯಿಂದ ನನ್ನಲ್ಲಿಗೆ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಕಿಲೋಮೀಟರು ಹೋಗಬಹುದು, ಸಾರ್?" ಎಂಬುದು. ಇದು ಭೌತಶಾಸ್ತ್ರದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ಒಂದು ಮಾರ್ಗವನ್ನು ಆರಿಸಿಕೊಳ್ಳೋಣ. ಶಿವಮೊಗ್ಗದಿಂದ ಹೊರಟು, ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳ ಮೇಲೆ ತೀರ್ಥಹಳ್ಳಿ, ಅಲ್ಲಿಂದ ಆಗುಂಬೆ, ಘಟ್ಟವಿಳಿದು ಸೋಮೇಶ್ವರ, ಹೆಬ್ರಿ, ಕೊನೆಗೆ ಉಡುಪಿಯ ಕಡಲು. ಒಟ್ಟು ದೂರ ಸುಮಾರು 150 ಕಿಲೋಮೀಟರು. ಮೊದಲ ದಿನ ತೀರ್ಥಹಳ್ಳಿ, ಎರಡನೆಯ ದಿನ ಆಗುಂಬೆ, ಮೂರನೆಯ ದಿನ ಉಡುಪಿ ಎಂದು ಹಂಚಿಕೊಂಡರೆ ಯಾವ ಆರೋಗ್ಯವಂತ ವಿದ್ಯಾರ್ಥಿಗೂ ಇದು ಹೆಚ್ಚಲ್ಲ.

ಸವಾರನ ತೂಕ 60, ಬೈಸಿಕಲ್ಲಿನದು 15, ಸಾಮಾನಿನದು 10, ಅಂತೂ 85 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಈತನನ್ನು ತಡೆಯುವ ಬಲಗಳು ಎರಡು. ಟೈರು ನೆಲದ ಮೇಲೆ ಉರುಳುವಾಗ ಉಂಟಾಗುವ ರೋಧ ಸುಮಾರು 5 ನ್ಯೂಟನ್. ಇದು ವೇಗವನ್ನು ಅವಲಂಬಿಸಿ ಅಷ್ಟಾಗಿ ಬದಲಾಗುವುದಿಲ್ಲ. ಎರಡನೆಯದು ಗಾಳಿಯ ರೋಧ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 18 ಕಿ.ಮೀ. ವೇಗದಲ್ಲಿ, ನೆಟ್ಟಗೆ ಕುಳಿತ ಸವಾರನಿಗೆ ಇದು ಸುಮಾರು 8 ನ್ಯೂಟನ್. ಎರಡನ್ನೂ ಕೂಡಿಸಿ ವೇಗದಿಂದ ಗುಣಿಸಿದರೆ ಬೇಕಾಗುವ ಸಾಮರ್ಥ್ಯ ಸುಮಾರು 66 ವಾಟ್ ಎಂದು ತಿಳಿಯುತ್ತದೆ. ಸಾಧಾರಣ ಮೈಕಟ್ಟಿನ ಯುವಕನಾಗಲಿ ಯುವತಿಯಾಗಲಿ ಇಷ್ಟನ್ನು ಗಂಟೆಗಟ್ಟಲೆ ಒದಗಿಸಬಲ್ಲರು. ಈಗ ವೇಗವನ್ನು ಒಂದೂವರೆ ಪಾಲು ಮಾಡಿ, ಗಂಟೆಗೆ 27 ಕಿ.ಮೀ.ಗೆ ಏರಿಸೋಣ. ಬೇಕಾಗುವ ಸಾಮರ್ಥ್ಯ ಒಂದೂವರೆ ಪಾಲಾಗುವುದಿಲ್ಲ. 177 ವಾಟಿಗೆ ಜಿಗಿಯುತ್ತದೆ! ಗೆಳೆಯರೊಡನೆ ಪಂದ್ಯ ಹೂಡಿ ಮಂಡಗದ್ದೆಯವರೆಗೆ ಹಾರಿಹೋದವನು ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಬಸವಳಿದಿರುವುದಕ್ಕೆ ಕಾರಣ ಇಷ್ಟೆ. ಮಂಡಗದ್ದೆಯಲ್ಲಿ ಇಳಿದು ತುಂಗೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡುತ್ತಾ ನಿಂತವನಿಗೆ ಲಾಭ ಎರಡು ಬಗೆಯದು.

ಎದುರುಗಾಳಿಯ ವಿಷಯ ಇನ್ನೂ ಕಠಿಣ. ಗಂಟೆಗೆ 18 ಕಿ.ಮೀ. ವೇಗದ ಗಾಳಿ ಎದುರಿನಿಂದ ಬೀಸುತ್ತಿರುವಾಗ ಅದೇ 18 ಕಿ.ಮೀ. ವೇಗವನ್ನು ಉಳಿಸಿಕೊಳ್ಳಬೇಕಾದರೆ 190 ವಾಟ್ ಬೇಕು. ಆದುದರಿಂದ ಗಾಳಿಯೊಡನೆ ಹಟ ಸಲ್ಲದು; ವೇಗವನ್ನು ಇಳಿಸಿ, ಮೈಯನ್ನು ಸ್ವಲ್ಪ ಬಾಗಿಸಿ, ಶ್ರಮವನ್ನು ಮಾತ್ರ ಒಂದೇ ಸಮನಾಗಿಟ್ಟುಕೊಂಡು ಹೋಗುವುದೇ ಜಾಣತನ. ಗಾಳಿಗೆ ಉಬ್ಬುವ ಅಂಗಿ, ಹಿಡಿಯ ಮೇಲೆ ಅಡ್ಡಲಾಗಿ ಕಟ್ಟಿದ ಹಾಸಿಗೆಯ ಸುರುಳಿ ಇವೆಲ್ಲ ಹಾಯಿಯಂತೆ ವರ್ತಿಸುತ್ತವೆ.

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ. ವ್ಯತ್ಯಾಸ ಕೇವಲ 70 ಮೀಟರಲ್ಲವೆ ಎಂದು ಹಿಗ್ಗಬಾರದು. ಮಲೆನಾಡಿನ ರಸ್ತೆ ಹತ್ತಿ ಇಳಿದು, ಇಳಿದು ಹತ್ತಿ ಸಾಗುತ್ತದೆ. ಕಾಲಿಗೆ ಲೆಕ್ಕ ಸಿಗುವುದು ಎಲ್ಲ ಏರುಗಳ ಮೊತ್ತ, ತುದಿಗಳ ಅಂತರವಲ್ಲ. ಮೊಬೈಲಿನ ನಕ್ಷೆಯಲ್ಲಿ ದೂರವನ್ನು ಮಾತ್ರ ನೋಡಿ ಹೊರಡುವವರು ಸಮೋನ್ನತಿ ರೇಖೆಗಳಿರುವ ನಕ್ಷೆಯನ್ನೂ ಒಮ್ಮೆ ನೋಡಿಕೊಳ್ಳುವುದು ಮೇಲು.

ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ ನಮ್ಮ 85 ಕಿಲೋಗ್ರಾಂ ತೂಕ ಹಿಂದಕ್ಕೆ ಎಳೆಯುವ ಬಲ 50 ನ್ಯೂಟನ್. ಉಳಿದ ರೋಧಗಳನ್ನು ಸೇರಿಸಿದರೆ 56. ನೂರು ವಾಟ್ ಸಾಮರ್ಥ್ಯದಿಂದ ತುಳಿದರೂ ವೇಗ ಗಂಟೆಗೆ 6.4 ಕಿ.ಮೀ. ಮೀರದು. ಇಲ್ಲಿ ಗೇರಿನ ಪ್ರಶ್ನೆ ಬರುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲುಗಳಿರುವ ದೊಡ್ಡ ಗಾಲಿಯ ಹಳೆಯ ಮಾದರಿಯ ಬೈಸಿಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಮುಂದೆ ಸಾಗುತ್ತದೆ. ಸಮತಟ್ಟಿನಲ್ಲಿ ಇದು ಬಹಳ ಸುಖ. ಏರಿನಲ್ಲಾದರೋ ನಿಮಿಷಕ್ಕೆ ಇಪ್ಪತ್ತು ಸುತ್ತು ಮಾತ್ರ ಸಾಧ್ಯವಾಗಿ, ಪೆಡಲಿನ ಮೇಲೆ ಸರಾಸರಿ 29 ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಬೇಕಾಗುತ್ತದೆ. ಮುಂದೆ 28, ಹಿಂದೆ 34 ಹಲ್ಲುಗಳಿರುವ ಗೇರಿದ್ದರೆ ಅದೇ ಏರನ್ನು ಅದೇ ವೇಗದಲ್ಲಿ ನಿಮಿಷಕ್ಕೆ ಸುಮಾರು 60 ಸುತ್ತು ತುಳಿದು, ಒಂಬತ್ತು ಕಿಲೋಗ್ರಾಂ ತೂಕದಷ್ಟೇ ಬಲದಿಂದ ಹತ್ತಬಹುದು. ಮಾಡಿದ ಕೆಲಸ ಎರಡರಲ್ಲಿಯೂ ಒಂದೇ. ಆದರೆ ಮಂಡಿಯ ಕೀಲಿಗೆ ಇವೆರಡೂ ಒಂದೇ ಅಲ್ಲ. ಗೇರಿಲ್ಲದವರು ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗಲಿ. ನಡಿಗೆಯ ವೇಗಕ್ಕೂ ಆ ಸವಾರಿಯ ವೇಗಕ್ಕೂ ಇರುವ ಅಂತರ ಅಷ್ಟೇನೂ ಇಲ್ಲದಿರುವಾಗ ಅದರಲ್ಲಿ ನಾಚುವಂಥದು ಏನಿದೆ?

ಸಾಮಾನಿನ ಭಾರ ಸಮತಟ್ಟಿನಲ್ಲಿ ತನ್ನನ್ನು ತೋರಗೊಡುವುದಿಲ್ಲ. ಹತ್ತು ಕಿಲೋಗ್ರಾಂ ಹೊರೆಯಿಂದ ಅಲ್ಲಿ ಹೆಚ್ಚುವ ರೋಧ ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಮೆ. ಅದೇ ಹೊರೆ ಮೇಲೆ ಹೇಳಿದ ಏರಿನಲ್ಲಿ ಒಂಬತ್ತರಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಹೊರೆಯನ್ನು ಬೆನ್ನಿಗೆ ಹಾಕಿಕೊಳ್ಳುವುದು ಸರಿಯಲ್ಲ. ಗುರುತ್ವಕೇಂದ್ರ ಮೇಲೇರಿ ಓಲಾಟ ಹೆಚ್ಚುತ್ತದೆ, ಬೆನ್ನು ಬೆವರಿ ನೆನೆಯುತ್ತದೆ. ಹಾಲಿನವನು ಕ್ಯಾನುಗಳನ್ನು ಕ್ಯಾರಿಯರಿನ ಇಕ್ಕೆಲಗಳಲ್ಲಿ ಗಾಲಿಯ ನಡುವಿನ ಮಟ್ಟಕ್ಕೆ ಇಳಿಬಿಟ್ಟಿರುವುದನ್ನು ನೋಡಿದ್ದೀರಷ್ಟೆ? ಆತನೇ ಈ ವಿಷಯದಲ್ಲಿ ಗುರು. ಎರಡು ಕಡೆಯೂ ತೂಕ ಸಮನಾಗಿರಲಿ, ಹಗ್ಗದ ತುದಿ ಕಡ್ಡಿಗಳಿಗೆ ಸಿಕ್ಕದಂತಿರಲಿ.

ಹಿಂದಿನ ಗಾಲಿಯ ಮೇಲೆ ಹೊರೆ ಹೆಚ್ಚಿದಾಗ ಟೈರಿನ ಗಾಳಿಯನ್ನೂ ಹೆಚ್ಚಿಸಬೇಕು. ಟೈರು ನೆಲವನ್ನು ಮುಟ್ಟುವ ಭಾಗದ ವಿಸ್ತೀರ್ಣವನ್ನು ಗಾಳಿಯ ಒತ್ತಡದಿಂದ ಗುಣಿಸಿದರೆ ಹೆಚ್ಚುಕಡಮೆ ಹೊರೆಯ ತೂಕ ಸಿಗುತ್ತದೆ. ಗಾಳಿ ಕಡಮೆಯಾದಷ್ಟೂ ಟೈರು ಚಪ್ಪಟೆಯಾಗಿ, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಪಂಪು, ಒಂದು ಹೆಚ್ಚಿನ ಟ್ಯೂಬು, ಪ್ಯಾಚು, ಸೊಲ್ಯೂಷನ್, ಉಜ್ಜುಕಾಗದ, ಸ್ಪ್ಯಾನರು ಚೀಲದಲ್ಲಿರಲಿ. ದಾರಿಯ ಅಂಗಡಿಗಳು ಈಗ ಬಹುಮಟ್ಟಿಗೆ ಮೋಟಾರ್ ಸೈಕಲ್ಲುಗಳನ್ನು ನಂಬಿಕೊಂಡಿರುವುದರಿಂದ ಬೈಸಿಕಲ್ಲಿನ ಬಿಡಿಭಾಗ ಅಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಪಂಕ್ಚರ್ ಹಾಕುವುದನ್ನು ಮನೆಯಲ್ಲಿಯೇ ಎರಡು ಸಲ ಅಭ್ಯಾಸ ಮಾಡಿಕೊಂಡು ಹೊರಡಿರಿ.

ಮನುಷ್ಯನ ಸ್ನಾಯುಗಳು ತಾವು ಪಡೆದ ಆಹಾರಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತವೆ. ಉಳಿದ ಮುಕ್ಕಾಲು ಉಷ್ಣವಾಗುತ್ತದೆ. 66 ವಾಟ್ ದುಡಿಯುವ ಸವಾರನಿಗೆ ಗಂಟೆಗೆ ಸುಮಾರು 225 ಕಿಲೋಕ್ಯಾಲೊರಿ ಹೆಚ್ಚಿನ ಆಹಾರ ಬೇಕು. ನಾಲ್ಕು ಗಂಟೆಯ ಸವಾರಿಗೆ ಅವಲಕ್ಕಿ, ಬೆಲ್ಲ, ಕಡಲೆಕಾಯಿ, ಬಾಳೆಹಣ್ಣು ಸಾಕು. ಆದರೆ ಹಸಿವಾಗುವವರೆಗೆ ಕಾಯದೆ ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ತಿನ್ನಬೇಕು. ಒಳಗಿನ 200 ವಾಟ್ ಉಷ್ಣ ಹೊರಹೋಗುವುದು ಮುಖ್ಯವಾಗಿ ಬೆವರು ಆವಿಯಾಗುವುದರಿಂದ. ಅಷ್ಟು ಉಷ್ಣವನ್ನು ಬೆವರೊಂದೇ ಸಾಗಿಸಬೇಕಾದರೆ ಗಂಟೆಗೆ ಸುಮಾರು 300 ಮಿಲಿಲೀಟರ್ ನೀರು ಆವಿಯಾಗಬೇಕು. ಏರಿನಲ್ಲಿ ಉಷ್ಣ ಹೆಚ್ಚು, ಮೈಗೆ ತಾಗುವ ಗಾಳಿ ಕಡಮೆ. ಕರಾವಳಿಯ ತೇವ ತುಂಬಿದ ಹವೆಯಲ್ಲಿ ಬೆವರು ಆವಿಯಾಗದೆ ಸುಮ್ಮನೆ ತೊಟ್ಟಿಕ್ಕುತ್ತದೆ. ದೇಹ ತಣಿಯುವುದಿಲ್ಲ, ನೀರು ಮಾತ್ರ ನಷ್ಟ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆಯಾಗಲಿ ನಿಂಬೆ ಪಾನಕವಾಗಲಿ ಲೇಸು. ತಲೆ ಸುತ್ತಿ, ಬೆವರುವುದು ನಿಂತು, ಮಾತು ತೊದಲಿದರೆ ಅದು ಅಪಾಯದ ಚಿಹ್ನೆ. ಅಂಥವನನ್ನು ನೆರಳಿಗೆ ಸೇರಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ, ತಡಮಾಡದೆ ವೈದ್ಯರಲ್ಲಿಗೆ ಸಾಗಿಸಬೇಕು.

ಇನ್ನು ಘಟ್ಟ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ಹತ್ತುವಾಗ ದಣಿವಾಗುತ್ತದೆಯೇ ಹೊರತು ಪ್ರಾಣಭಯವಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳ ರಸ್ತೆಯಲ್ಲಿ ನಾವು ಸುಮಾರು 500 ಮೀಟರ್ ಕೆಳಗಿಳಿಯುತ್ತೇವೆ. 85 ಕಿಲೋಗ್ರಾಂ ತೂಕ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ನಾಲ್ಕು ಲಕ್ಷ ಜೂಲ್‌ಗಳಿಗೂ ಮಿಗಿಲು. ಒಂದು ಲೀಟರ್ ತಣ್ಣೀರನ್ನು ಕುದಿಸಲು ಇದು ಸಾಕು, ಮಿಗುತ್ತದೆ. ಇದರಲ್ಲಿ ಒಂದಂಶವನ್ನು ಗಾಳಿ ತೆಗೆದುಕೊಳ್ಳುತ್ತದೆ. ಉಳಿದುದು ಬ್ರೇಕಿನ ರಬ್ಬರು ಮತ್ತು ರಿಮ್ಮುಗಳ ಪಾಲು.

ನೂರಕ್ಕೆ ಆರರ ಇಳಿಜಾರಿನಲ್ಲಿ ಬ್ರೇಕುಗಳು ಹೀರಬೇಕಾದ ಸಾಮರ್ಥ್ಯವನ್ನು ಲೆಕ್ಕಹಾಕಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಅದು ಸುಮಾರು 138 ವಾಟ್. 24 ಕಿ.ಮೀ.ಯಲ್ಲಿ 200 ವಾಟ್. ಆದರೆ 36 ಕಿ.ಮೀ.ಯಲ್ಲಿ ಅದು 120 ವಾಟಿಗೆ ಇಳಿಯುತ್ತದೆ! ವೇಗ ಹೆಚ್ಚಿದಾಗ ಗಾಳಿಯೇ ಬ್ರೇಕಿನ ಕೆಲಸವನ್ನು ಬಹುಪಾಲು ವಹಿಸಿಕೊಳ್ಳುವುದು ಇದಕ್ಕೆ ಕಾರಣ. ಹಾಗಾದರೆ ವೇಗವಾಗಿ ಹೋಗುವುದೇ ಕ್ಷೇಮವೆ? ತಿರುವಿನ ತ್ರಿಜ್ಯ ಹತ್ತು ಮೀಟರ್ ಎಂದುಕೊಳ್ಳಿ. ಗಂಟೆಗೆ 36 ಕಿ.ಮೀ., ಎಂದರೆ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಅದನ್ನು ಸುತ್ತಲು ಬೇಕಾದ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷವನ್ನೇ ಮೀರುತ್ತದೆ. ತರಗೆಲೆ, ಮರಳು, ತೇವಗಳಿರುವ ಘಟ್ಟದ ರಸ್ತೆಯಲ್ಲಿ ಅಷ್ಟು ಘರ್ಷಣೆಯನ್ನು ಯಾವ ಟೈರೂ ಒದಗಿಸಲಾರದು. ಸವಾರನು ತಿರುವಿನಲ್ಲಿ ತಿರುಗದೆ ನೇರವಾಗಿ ಹೋಗುತ್ತಾನೆ. ನಿಲ್ಲಿಸುವುದಕ್ಕೂ ಆ ವೇಗದಲ್ಲಿ, ಎಚ್ಚೆತ್ತು ಬ್ರೇಕು ಹಿಡಿಯುವ ಒಂದು ಸೆಕೆಂಡನ್ನೂ ಸೇರಿಸಿ, 30 ಮೀಟರ್ ಬೇಕು. 12 ಕಿ.ಮೀ. ವೇಗದಲ್ಲಾದರೆ ಆರು ಮೀಟರಿನೊಳಗೆ ನಿಲ್ಲಬಹುದು.

ಆದುದರಿಂದ 12 ಕಿ.ಮೀ.ಯೇ ಸರಿಯಾದ ವೇಗ. 24ರ ಆಸುಪಾಸಿನ ವೇಗ ಅತ್ಯಂತ ಕೆಟ್ಟದ್ದು. ತಿರುವಿಗೂ ಹೆಚ್ಚು, ಬ್ರೇಕಿಗೂ ಹೆಚ್ಚು. ತಲಾ ಅರ್ಧ ಕಿಲೋಗ್ರಾಂ ತೂಗುವ ಅಲ್ಯೂಮಿನಿಯಂ ರಿಮ್ಮುಗಳೆರಡಕ್ಕೆ 200 ವಾಟ್ ಉಷ್ಣ ಸೇರುತ್ತಿದ್ದು, ಗಾಳಿ ಅದನ್ನು ತಣಿಸದೆ ಇದ್ದ ಪಕ್ಷದಲ್ಲಿ, ನಿಮಿಷಕ್ಕೆ 13 ಡಿಗ್ರಿಯಂತೆ ಅವು ಕಾಯುತ್ತವೆ. ಒಂದೇ ಬ್ರೇಕನ್ನು ಹಿಡಿದಿದ್ದರೆ ಆ ಒಂದು ರಿಮ್ಮಿಗೆ ಇದರ ಎರಡರಷ್ಟು. ರಿಮ್ಮು ಕಾದಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಟ್ಯೂಬು ಒಡೆಯುವುದೂ ಉಂಟು. ಎರಡು ಬ್ರೇಕುಗಳನ್ನೂ ಬಳಸಿ, ಎರಡು ಮೂರು ತಿರುವುಗಳಿಗೊಮ್ಮೆ ರಸ್ತೆಯ ಅಂಚಿನಲ್ಲಿ ನಿಂತು, ರಿಮ್ಮಿನ ಬಳಿಗೆ ಕೈಯೊಡ್ಡಿ ಬಿಸಿಯನ್ನು ನೋಡಿ ಮುಂದುವರಿಯಿರಿ. ಮುಂದಿನ ಬ್ರೇಕನ್ನು ಒಮ್ಮೆಗೇ ಬಿಗಿದರೆ ಭಾರವೆಲ್ಲ ಮುಂದಕ್ಕೆ ಹಾಯ್ದು ಸವಾರನು ಹಿಡಿಯ ಮೇಲಿಂದ ಉರುಳುತ್ತಾನೆ. ಹಿಂದಿನದನ್ನೇ ಬಿಗಿದರೆ ಗಾಲಿ ಜಾರುತ್ತದೆ.

ಮಳೆಗಾಲದಲ್ಲಿ ಈ ಮಾರ್ಗವನ್ನು ಬಿಟ್ಟುಬಿಡಬೇಕೆಂಬುದೇ ನನ್ನ ಅಭಿಪ್ರಾಯ. ಆಗುಂಬೆಯ ವಾರ್ಷಿಕ ಮಳೆ 7,000 ಮಿಲಿಮೀಟರ್ ಮೀರುವುದು ಸಾಮಾನ್ಯ. ಹೊಳಪು ಲೇಪವಿರುವ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿನ ಹಿಡಿತ ತೀರ ಕುಸಿಯುತ್ತದೆ. ಅಲ್ಯೂಮಿನಿಯಂ ಸ್ವಲ್ಪ ಮೇಲು, ಡಿಸ್ಕ್ ಬ್ರೇಕು ಇನ್ನೂ ಮೇಲು. ಡಿಸೆಂಬರ್, ಜನವರಿ ಪ್ರಶಸ್ತವಾದ ಕಾಲ. ಆಗಲೂ ಒಂದು ಎಚ್ಚರಿಕೆ ಅಗತ್ಯ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾದುದು. ಅದನ್ನು ನೋಡಿ ಮುಗಿಸಿ ಹಾಗೆಯೇ ಕತ್ತಲೆಯಲ್ಲಿ ಘಟ್ಟವಿಳಿಯುವ ಉತ್ಸಾಹ ತರುಣರಿಗೆ ಬರುವುದು ಸಹಜ. ಕೂಡದು. ಊರಿನಲ್ಲಿಯೇ ತಂಗಿ, ಮರುದಿನ ಮಂಜು ಹರಿದ ಮೇಲೆ ಇಳಿಯಬೇಕು.

ಬೆಳಿಗ್ಗೆ ಏಳೂವರೆಗೆ ಹೊರಟವರು ನಿಂತು ನಿಂತು ಇಳಿದರೂ ಎಂಟೂವರೆ ಒಂಬತ್ತಕ್ಕೆ ಸೋಮೇಶ್ವರದಲ್ಲಿರುತ್ತಾರೆ. ಅಲ್ಲಿ ಬ್ರೇಕಿನ ರಬ್ಬರು ಎಷ್ಟು ಸವೆದಿದೆಯೆಂದು ನೋಡಿಕೊಳ್ಳಬೇಕು. ಹೆಬ್ರಿಯಿಂದಾಚೆಗೆ ಏರಿಳಿತ ಕಡಮೆ, ಆದರೆ ಹೊತ್ತೇರಿದಂತೆ ನೆಲ ಕಾದು ಕಡಲಗಾಳಿ ಪಶ್ಚಿಮದಿಂದ ಬೀಸಲಾರಂಭಿಸುತ್ತದೆ. ಉಡುಪಿಗೆ ಹೋಗುವವರಿಗೆ ಅದು ನೇರ ಎದುರುಗಾಳಿ. ಗಂಟೆಗೆ 12 ಕಿ.ಮೀ. ವೇಗದ ಅಂಥ ಗಾಳಿಯಲ್ಲಿ ಅದೇ 66 ವಾಟ್ ದುಡಿದರೆ ವೇಗ 18ರಿಂದ 12ಕ್ಕೆ ಇಳಿಯುತ್ತದೆ. ಕೊನೆಯ ಇಪ್ಪತ್ತು ಕಿಲೋಮೀಟರಿಗೆ ಒಂದು ಗಂಟೆ ಏಳು ನಿಮಿಷದ ಬದಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಸಾಲುವ ನೀರನ್ನು ಹೆಬ್ರಿಯಲ್ಲಿಯೇ ತುಂಬಿಸಿಕೊಂಡು, ಒಂದೊಂದು ಎಳನೀರು ಕುಡಿದು ಹೊರಡುವುದು ಒಳ್ಳೆಯದು.